‘ಆದರ್ಶ ಗಾಯಕ’ ಪಾಠದಲ್ಲಿ ಕಪ್ಪುಹಲಗೆಗೆ ಬಾರದ ಹೆಸರು

ಬೋಧನಾಭ್ಯಾಸದ ಎರಡನೆಯ ವಾರ ಶಿರಾ ತಾಲ್ಲೂಕಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಅವಲೋಕಿಸುತ್ತಿದ್ದೆ. ಕನ್ನಡದ ಅವಧಿ. ‘ನನ್ನ ಆದರ್ಶ ವ್ಯಕ್ತಿ’ ಎಂಬ ಪ್ರಬಂಧಕ್ಕೆ ಪೂರ್ವಸಿದ್ಧತೆಯ ಚರ್ಚೆ. ಪ್ರಶಿಕ್ಷಣಾರ್ಥಿ ಅದನ್ನು ಸಂಗೀತಗಾರರಿಗೆ ಸೀಮಿತಗೊಳಿಸಿಕೊಂಡಿದ್ದರು. ಮೊಬೈಲಿನಲ್ಲಿ ಭೀಮಸೇನ ಜೋಶಿಯವರು ಹಾಡಿದ ದಾಸರ ಪದವೊಂದನ್ನು ಎರಡು ನಿಮಿಷ ಕೇಳಿಸಿ, ಅವರ ಬಾಲ್ಯದ ಕಥೆ ಹೇಳಿದರು. ಸಂಗೀತದ ಹುಚ್ಚಿಗೆ 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಮನೆ ಬಿಟ್ಟು ಓಡಿದ ಹುಡುಗ; ಗುರುವನ್ನು ಹುಡುಕುತ್ತ ಗ್ವಾಲಿಯರ್‌ವರೆಗೆ ಅಲೆದವನು; ಕಡೆಗೆ ಭಾರತರತ್ನ. ಪೀಠಿಕೆ ಚೆನ್ನಾಗಿಯೇ ಇತ್ತು. ಮಕ್ಕಳು ಮೈಯೆಲ್ಲ ಕಿವಿಯಾಗಿದ್ದರು.

ಆಮೇಲೆ ಮಕ್ಕಳಿಂದ ಹೆಸರು ಕೇಳಿ ಕಪ್ಪುಹಲಗೆಯ ಮೇಲೆ ಬರೆಯತೊಡಗಿದರು. ರಾಜ್‌ಕುಮಾರ್, ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ. ಪಠ್ಯದ ನೆನಪಿನಿಂದ ಯಾರೋ ಗಂಗೂಬಾಯಿ ಹಾನಗಲ್ಲ ಎಂದರು. ಮೂರನೆಯ ಸಾಲಿನ ಹುಡುಗನೊಬ್ಬ ಎದ್ದು, “ನಮ್ಮ ತಾತ ಸಾರ್, ತಮಟೆ ಬಾರಿಸ್ತಾರೆ” ಎಂದ. ತರಗತಿ ನಕ್ಕಿತು. “ಅವ್ರು ಕುಡೀತಾರೆ ಸಾರ್” ಎಂದು ಹಿಂದಿನಿಂದ ಇನ್ನೊಂದು ದನಿ. ಪ್ರಶಿಕ್ಷಣಾರ್ಥಿ “ಸರಿ, ಕೂತ್ಕೋ. ಎಲ್ಲರಿಗೂ ಗೊತ್ತಿರೋರ ಹೆಸರು ಹೇಳಿ” ಎಂದು ಮುಂದಕ್ಕೆ ಹೋದರು. ಅವಲೋಕನ ಪುಸ್ತಕದಲ್ಲಿ ಆ ಜಾಗಕ್ಕೆ ನಾನು ಬರೆದದ್ದು ಇಷ್ಟು: “ವಿಷಯಾಂತರವನ್ನು ಜಾಣತನದಿಂದ ತಪ್ಪಿಸಿದ್ದಾರೆ. ತರಗತಿ ನಿರ್ವಹಣೆ ಉತ್ತಮ.”

ಸಂಜೆ ಮಧುಗಿರಿಯಲ್ಲಿ ಹಿಮ್ಮಾಹಿತಿ ಸಭೆ. ಸಹಪಾಠಿಯಾಗಿ ಅದೇ ಪಾಠವನ್ನು ನೋಡಿದ್ದ ಇನ್ನೊಬ್ಬ ಪ್ರಶಿಕ್ಷಣಾರ್ಥಿ ಎದ್ದು ನನ್ನನ್ನೇ ಕೇಳಿದರು: “ಸರ್, ಜೋಶಿಯವರೂ ಕುಡಿಯುತ್ತಿದ್ದರಂತೆ. ಅವರ ಹೆಸರು ಹಲಗೆಯ ಮೇಲೆ ಇದೆ, ಆ ತಾತನದು ಯಾಕಿಲ್ಲ?” ನನ್ನಲ್ಲಿ ಉತ್ತರವಿರಲಿಲ್ಲ. ‘ಅದು ಬೇರೆ, ಇದು ಬೇರೆ’ ಎನ್ನುವಂಥದ್ದೇನೋ ಹೇಳಿ ಸಭೆ ಮುಗಿಸಿದೆ. ಆದರೆ ಅದು ಹೇಗೆ ಬೇರೆ ಎಂದು ಯೋಚಿಸುತ್ತ ಹೋದಂತೆ, ಆದರ್ಶ ವ್ಯಕ್ತಿಗಳ ಪಾಠವನ್ನು ಇಷ್ಟು ವರ್ಷ ನಾವು ಮಾಡಿಸುತ್ತಿರುವ ಕ್ರಮದಲ್ಲೇ ತಪ್ಪಿದೆ ಅನ್ನಿಸಿತು.

ಜೋಶಿಯವರ ಕುಡಿತ ಗುಟ್ಟೇನೂ ಅಲ್ಲ. ಅದು ಕಛೇರಿಗಳಿಗೂ ತೊಂದರೆ ಕೊಡತೊಡಗಿದಾಗ, 1970ರ ದಶಕದ ಕೊನೆಯ ಹೊತ್ತಿಗೆ, ಅವರು ಅದನ್ನು ಬಿಟ್ಟರು. ಬರೆದವರು ಅದನ್ನು ಕಲಾವಿದನ ದೌರ್ಬಲ್ಯವೆಂದು ಬರೆದರು, ಬಿಟ್ಟದ್ದನ್ನು ಅವರ ಮನೋಬಲವೆಂದರು. ಎರಡೂ ನ್ಯಾಯವೇ. ದೌರ್ಬಲ್ಯ ಅವರದು, ಗೆದ್ದದ್ದೂ ಅವರೇ. ಅವರು ಹುಟ್ಟಿದ ಜಾತಿಯ ತಲೆಗೆ ಅದನ್ನು ಯಾರೂ ಕಟ್ಟಲಿಲ್ಲ. ಶಿರಾದ ತರಗತಿಯಲ್ಲಿ ನಡೆದದ್ದನ್ನು ಮತ್ತೆ ನೆನಪಿಸಿಕೊಳ್ಳಿ. ಮಕ್ಕಳು ನಕ್ಕದ್ದು ಕುಡಿತದ ಮಾತು ಬರುವ ಮೊದಲೇ. ನಗು ಬಂದದ್ದು ‘ತಮಟೆ’ ಎಂಬ ಪದಕ್ಕೆ. ಕುಡಿತದ ಆರೋಪ ಆ ನಗುವಿಗೆ ಆಮೇಲೆ ಸಿಕ್ಕ ಕಾರಣ. ಹಿಂದಿನ ಬೆಂಚಿನಲ್ಲಿ ಕುಳಿತ ನಾನು ಈ ಕ್ರಮವನ್ನೇ ಗಮನಿಸಲಿಲ್ಲ.

ಅದೇ ಹಲಗೆಯ ಮೇಲೆ ಗಂಗೂಬಾಯಿಯವರ ಹೆಸರೂ ಇತ್ತಲ್ಲ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ, ಜೋಶಿ, ಇಬ್ಬರೂ ಕುಂದಗೋಳದ ಸವಾಯಿ ಗಂಧರ್ವರ ಶಿಷ್ಯರು. ಗುರು ಒಬ್ಬರೇ, ಘರಾಣೆ ಒಂದೇ. ಲೋಕ ಇಬ್ಬರನ್ನೂ ಅಳೆದ ಕೋಲು ಮಾತ್ರ ಒಂದಲ್ಲ. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ಹಾಡುವ ಹೆಂಗಸರ ಮನೆತನ ಎಂಬುದೇ ಆ ಕಾಲಕ್ಕೆ ಒಂದು ಕಳಂಕ. ಸಂಗೀತ ಕಲಿಯಲು ಬೀದಿಯಲ್ಲಿ ಹೋಗುವಾಗ ಜನ ಹಂಗಿಸುತ್ತಿದ್ದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದ ಆ ಬಾಲಕಿಗೆ ಹಾಡಿನ ಚಿಂತೆಗಿಂತ ಊಟದ ಚಿಂತೆ ದೊಡ್ಡದಾಗಿತ್ತು, ಬೇರೆ ಕೂರಿಸುತ್ತಾರೇನೋ ಎಂದು.

ಅವರು ನೆನಪಿಸಿಕೊಂಡ ಇನ್ನೊಂದು ಪ್ರಸಂಗ ನಮ್ಮ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಚಿಕ್ಕಂದಿನಲ್ಲಿ ಅನುಕೂಲಸ್ಥ ನೆರೆಯವರ ತೋಟಕ್ಕೆ ನುಗ್ಗಿ ಮಾವಿನ ಹಣ್ಣು ಕದ್ದಿದ್ದರಂತೆ. ಸಿಕ್ಕಿಬಿದ್ದಾಗ ಮನೆಯವರಿಗೆ ಸಿಟ್ಟು ಬಂದದ್ದು ಕದ್ದದ್ದಕ್ಕಿಂತ ಹೆಚ್ಚಾಗಿ, ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳಲ್ಲ ಎಂದು. ಮುಂದೆ ಹೆಸರು ಬಂದ ಮೇಲೆ ಅಂಥವರೇ ಮನೆಗೆ ಕರೆದು ಉಪಚರಿಸಿದರು. ಕಳವು ಆಕೆ ಮಾಡಿದ್ದು, ಅದಕ್ಕೆ ಎರಡು ಮಾತು ಬೈದರೆ ತಪ್ಪೇನಿಲ್ಲ. ಹುಟ್ಟು ಆಕೆ ಮಾಡಿದ್ದಲ್ಲ. ಬೈಗುಳ ಬಿದ್ದದ್ದು ಮಾಡದೆ ಇದ್ದದ್ದಕ್ಕೆ.

ಗಂಗೂಬಾಯಿಯವರು ಗಮನಿಸಿದ್ದ ಇನ್ನೊಂದು ಸಂಗತಿಯೂ ಇದೆ. ಗಂಡಸು ದೊಡ್ಡ ಗಾಯಕನಾದರೆ ಹಿಂದೂವಾದವನು ಪಂಡಿತನಾಗುತ್ತಾನೆ, ಮುಸಲ್ಮಾನನಾದವನು ಉಸ್ತಾದನಾಗುತ್ತಾನೆ, ಹೆಂಗಸು ಎಷ್ಟು ದೊಡ್ಡವಳಾದರೂ ‘ಬಾಯಿ’ಯಾಗಿಯೇ ಉಳಿಯುತ್ತಾಳೆ. ನಮ್ಮ ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ‘ಪಂ. ಭೀಮಸೇನ ಜೋಶಿ’ ಎಂದೇ ಬರೆದಿದ್ದರು, ಉಳಿದ ಯಾರಿಗೂ ಏನೂ ಇರಲಿಲ್ಲ. ಬೇಕೆಂದು ಮಾಡಿದ್ದಲ್ಲ, ಕೈಗೆ ಬಂದ ರೂಢಿ.

ಜಾತಿಯ ಜಾಗದಲ್ಲಿ ಬಣ್ಣವನ್ನಿಟ್ಟರೆ ಅಮೆರಿಕದ ಕಥೆಯೂ ಇದೇ. ಮರಿಯನ್ ಆಂಡರ್ಸನ್ ಎಂಬ ಕಪ್ಪು ಗಾಯಕಿಗೆ 1939ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಹಾಡಲು ಅವಕಾಶ ಕೊಡಲಿಲ್ಲ. ಆ ಸಭಾಂಗಣದ ಒಡೆತನವಿದ್ದ ಸಂಘಕ್ಕೆ ಅಧ್ಯಕ್ಷರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ರಾಜೀನಾಮೆ ಕೊಟ್ಟರು. ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಸುಮಾರು 75,000 ಜನರ ಮುಂದೆ ಆಕೆ ಹಾಡಿದರು. ಹೈಸ್ಕೂಲು ಮಕ್ಕಳಿಗೆ ಇದನ್ನು ಬೆಳಗಾವಿಯ ಊಟದ ಪಂಕ್ತಿಯ ಪಕ್ಕದಲ್ಲಿಟ್ಟು ಹೇಳಬಹುದು.

ಇದಕ್ಕೊಂದು ಎದುರು ಮುಖವೂ ಇದೆ. ಅದು ಮಕ್ಕಳಿಗಲ್ಲ, ನಮಗೆ. ಆರ್. ಕೆಲ್ಲಿ ಎಂಬ ಕಪ್ಪು ಗಾಯಕ ಹುಡುಗಿಯರ ಮೇಲೆ ವರ್ಷಗಟ್ಟಲೆ ನಡೆಸಿದ ದೌರ್ಜನ್ಯದ ಪ್ರಕರಣದಲ್ಲಿ 2021ರಲ್ಲಿ ಅಪರಾಧಿಯೆಂದು ತೀರ್ಪಾಯಿತು, 2022ರಲ್ಲಿ 30 ವರ್ಷಗಳ ಶಿಕ್ಷೆಯಾಯಿತು. ಅದಕ್ಕೂ ಮೊದಲು, ಇದೆಲ್ಲ ಯಶಸ್ವಿಯಾದ ಕಪ್ಪು ಗಂಡಸಿನ ಮೇಲೆ ನಡೆಯುತ್ತಿರುವ ದಾಳಿ ಎಂದು ಅವನ ಕಡೆಯವರು ವಾದಿಸಿದ್ದರು. ಆ ವಾದ ಶೂನ್ಯದಿಂದ ಹುಟ್ಟಿದ್ದಲ್ಲ. 1931ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೋ ಪ್ರಕರಣದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದ ದೇಶ ಅದು. ಅಲ್ಲಿನ ಜನಕ್ಕೆ ಇಂಥ ಆರೋಪ ಕೇಳಿದೊಡನೆ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಆದರೆ ಕೆಲ್ಲಿಯ ಹಾಡುಗಳನ್ನು ಬಹಿಷ್ಕರಿಸಬೇಕೆಂದು 2017ರಲ್ಲಿ ಚಳವಳಿ ಹೂಡಿದವರು ಇಬ್ಬರು ಕಪ್ಪು ಮಹಿಳೆಯರೇ. ನೊಂದವರಲ್ಲಿ ಹೆಚ್ಚಿನವರೂ ಕಪ್ಪು ಹುಡುಗಿಯರೇ. ಬಣ್ಣದ ಮರೆಯಲ್ಲಿ ಅವನನ್ನು ನಿಲ್ಲಿಸಿದ್ದರೆ ಅದೇ ಬಣ್ಣದ ಆ ಹುಡುಗಿಯರು ಯಾರ ಮುಂದೆ ದೂರಬೇಕಿತ್ತು? ಕೆಲ್ಲಿ ತಪ್ಪು ಮಾಡಿದ್ದು ಕೆಲ್ಲಿಯಾಗಿ. ಹುಟ್ಟನ್ನು ಕಳಂಕವಾಗಿ ಬಳಸುವುದನ್ನು ಒಪ್ಪದವರು ಅದನ್ನು ಗುರಾಣಿಯಾಗಿ ಬಳಸುವುದನ್ನೂ ಒಪ್ಪಲಾಗದು. ನಮ್ಮಲ್ಲಿ ಗುರಾಣಿ ಸಾಮಾನ್ಯವಾಗಿ ಮೇಲಿನವರ ಕೈಯಲ್ಲಿರುತ್ತದೆ ಎಂಬುದಷ್ಟೇ ವ್ಯತ್ಯಾಸ. ಮದ್ರಾಸ್ ಮ್ಯೂಸಿಕ್ ಅಕಾಡೆಮಿ ಲೈಂಗಿಕ ಕಿರುಕುಳದ ಆರೋಪಗಳ ಹಿನ್ನೆಲೆಯಲ್ಲಿ 2018ರ ಡಿಸೆಂಬರ್ ಕಛೇರಿಗಳಿಂದ ಏಳು ಕಲಾವಿದರನ್ನು ಕೈಬಿಟ್ಟಾಗ, ‘ಅಂಥ ವಿದ್ವಾಂಸರನ್ನು ಹೀಗೆ ಕೇಳಬಹುದೆ’ ಎಂದು ಮರುಗಿದವರನ್ನು ನಾನೇ ಬಲ್ಲೆ.

ತಾತನ ಕುಡಿತದ ವಿಷಯಕ್ಕೆ ಬರುತ್ತೇನೆ. ಸಭೆಯಲ್ಲಿ ಒಬ್ಬರು “ಪಾಪ, ಅವರ ಪರಿಸ್ಥಿತಿ ಹಾಗಿರುತ್ತೆ ಸರ್” ಎಂದರು. ಕರುಣೆಯ ಮಾತು, ಆದರೆ ನನಗೆ ಹಿಡಿಸಲಿಲ್ಲ. ಜೋಶಿಯವರಿಗೆ ಮನೋಬಲ ಇರಬಹುದು, ತಾತನಿಗೆ ಬರೀ ಪರಿಸ್ಥಿತಿ ಮಾತ್ರ ಇರಬಹುದು ಎನ್ನುವುದು ಇನ್ನೊಂದು ಬಗೆಯಲ್ಲಿ ಆತನನ್ನು ಕೀಳಾಗಿ ಕಾಣುವುದೇ. ಕುಡಿಯುವುದು, ಬಿಡುವುದು ಇಬ್ಬರಿಗೂ ಅವರವರದೇ ಹೊಣೆ. ಹಾಗೆಂದು ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಕಡೆ ಸಾವಿನ ಮನೆಗೆ ತಮಟೆಗೆ ಕರೆದವರು ಕೂಲಿಯ ಜೊತೆ ಹೆಂಡವನ್ನೂ ಕೊಡುವುದು ಹಳೆಯ ರೂಢಿ. ಕುಡಿಸಿ ಬಾರಿಸಿಕೊಂಡ ಊರು, ಮರುದಿನ ‘ಅವರು ಕುಡುಕರು’ ಎಂದರೆ, ಕೊಟ್ಟ ಕೈಯ ಹೊಣೆಯೂ ಲೆಕ್ಕಕ್ಕೆ ಬರಬೇಕಲ್ಲವೆ? ಒಬ್ಬ ವ್ಯಕ್ತಿಯ ಹೊಣೆಯನ್ನು ಕೇಳುವಾಗ ಕೇಳುವವರ ಹೊಣೆಯೂ ಎದುರಿಗೆ ಬಂದು ನಿಲ್ಲುತ್ತದೆ.

ಆ ಸಭೆಯ ನಂತರ ಪ್ರಶಿಕ್ಷಣಾರ್ಥಿಯೂ ನಾನೂ ಕುಳಿತು ಪಾಠಯೋಜನೆಯನ್ನು ತಿದ್ದಿದೆವು. ‘ಆದರ್ಶ ವ್ಯಕ್ತಿ ಯಾರು’ ಎಂಬ ಪ್ರಶ್ನೆಯನ್ನೇ ಬಿಟ್ಟು, ‘ಈ ವ್ಯಕ್ತಿಯಿಂದ ಯಾವುದನ್ನು ತೆಗೆದುಕೊಳ್ಳುತ್ತೀರಿ, ಯಾವುದನ್ನು ಬಿಡುತ್ತೀರಿ’ ಎಂದು ಕೇಳುವುದು. ಹಲಗೆಯ ಮೇಲೆ ಎರಡು ಅಂಕಣ: ‘ತಾವು ಮಾಡಿದ್ದು’, ‘ತಮಗೆ ಬಂದದ್ದು’. ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಗುಂಪುಗಳಿಗೆ ಕೊಡುವುದು. ಮನೆ ಬಿಟ್ಟು ಓಡಿದರು. ಹಾಡುವ ಮನೆತನದಲ್ಲಿ ಹುಟ್ಟಿದರು. ಮಾವಿನ ಹಣ್ಣು ಕದ್ದರು. ಕುಡಿತ ಬಿಟ್ಟರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತರು. ಇದಕ್ಕೆ ಅಂಕೋಲಾದ ಸುಕ್ರಿ ಬೊಮ್ಮಗೌಡರನ್ನೂ ಸೇರಿಸಿದೆವು. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಉಳಿಸಿದ ಅವರು ಸಾರಾಯಿ ವಿರೋಧಿ ಹೋರಾಟಕ್ಕೂ ಇಳಿದವರು, 2017ರಲ್ಲಿ ಪದ್ಮಶ್ರೀ. ಹಾಗೆಯೇ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ, ತಮಟೆ ವಾದನಕ್ಕೆ 2023ರಲ್ಲಿ ಪದ್ಮಶ್ರೀ ಪಡೆದವರು. ನೆರೆಯ ಜಿಲ್ಲೆಯ ಆ ಹೆಸರು ನನಗೆ ಶಿರಾದಲ್ಲಿ ಆ ಕ್ಷಣಕ್ಕೆ ಹೊಳೆದಿದ್ದರೆ ಎಂದು ಈಗಲೂ ಪೇಚಾಡುತ್ತೇನೆ.

ಕೊರಟಗೆರೆಯಲ್ಲಿ ಮೊದಲ ಸಲ ಮಾಡಿದಾಗ ಪಾಠ ಅರ್ಧಕ್ಕೆ ನಿಂತಿತು. ಚೀಟಿಗಳು ಹೆಚ್ಚಾದವು, ನಲವತ್ತು ನಿಮಿಷ ಸಾಲಲಿಲ್ಲ. ಆರು ಚೀಟಿ ಸಾಕು. ಇನ್ನೂ ಮುಖ್ಯವಾದ ಎಚ್ಚರಿಕೆ: ಊರಿನ ಬದುಕಿರುವ ವ್ಯಕ್ತಿಯ ದೋಷವನ್ನು ತರಗತಿಯಲ್ಲಿ ಚರ್ಚೆಗೆ ಎಳೆಯಬಾರದು. ಮಗು ತಾನಾಗಿ ಮನೆಯವರ ಹೆಸರು ಹೇಳಿದರೆ ಹಲಗೆಯ ಮೇಲೆ ಬರೆಯಿರಿ, ಅವರ ಕಸುಬಿನ ಬಗ್ಗೆ ಒಂದು ಪ್ರಶ್ನೆ ಕೇಳಿ, ಆದರೆ ಅದೇ ಮಗುವನ್ನು ಉದಾಹರಣೆಯಾಗಿ ನಿಲ್ಲಿಸಬೇಡಿ. ಯಾವ ಮಗುವಿನ ಬಾಯಿಂದಲೂ ತನ್ನ ಜಾತಿ ಹೇಳಿಸಬೇಡಿ. ನಗು ಬಂದರೆ ನಗುವನ್ನು ಬೈದು ಅಡಗಿಸುವುದಕ್ಕಿಂತ ‘ಯಾವ ಪದಕ್ಕೆ ನಗು ಬಂತು’ ಎಂದು ಕೇಳುವುದು ಉಪಯೋಗಕ್ಕೆ ಬಂತು. ಕೊರಟಗೆರೆಯ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು, ಆಮೇಲೆ ಸರಿಯಾದ ಪದವನ್ನೇ ಹೇಳಿದರು.

ಪಾವಗಡದಲ್ಲಿ ಪಾಠ ಚೆನ್ನಾಗಿ ನಡೆಯಿತು. ಮನೆಯಲ್ಲಿ ತೆಲುಗು ಆಡುವ ಮಕ್ಕಳು ಅಲ್ಲಿ ಹೆಚ್ಚು. ತಮಟೆ ಎಂದಾಗ “ಡಪ್ಪು ಸಾರ್” ಎಂದು ತಿದ್ದಿದರು. ಮುನಿವೆಂಕಟಪ್ಪನವರ ಚೀಟಿ ಬಂದಾಗ ಗುಂಪಿನಲ್ಲೇ ಜಗಳ ಹತ್ತಿತು. ತಮಟೆ ಬಾರಿಸುವುದು ‘ಮಾಡಿದ್ದೋ’ ‘ಬಂದದ್ದೋ’? ಕಲಿತದ್ದು, ಆದ್ದರಿಂದ ಮಾಡಿದ್ದು ಎಂದು ಒಬ್ಬ. ಆ ಮನೆಯಲ್ಲಿ ಹುಟ್ಟದಿದ್ದರೆ ಬಾರಿಸುತ್ತಿದ್ದರೆ ಎಂದು ಇನ್ನೊಬ್ಬ. ಅಷ್ಟರಲ್ಲಿ ಕಿಟಕಿಯ ಪಕ್ಕದ ಹುಡುಗಿ ಎದ್ದು ನಿಂತಳು. “ನಮ್ಮಪ್ಪ ಡಪ್ಪು ಬಾರ್ಸೋದು ಬಿಟ್ಟುಬಿಟ್ರು. ಬಿಟ್ಟಿದ್ದೇ ಮರ್ಯಾದೆ ಅಂತಾರೆ. ಇವ್ರು ಬಾರ್ಸಿ ಪದ್ಮಶ್ರೀ ತಗೊಂಡ್ರು. ಯಾರು ಸರಿ?”

ಹುಡುಗಿಯ ಪ್ರಶ್ನೆಯ ಹಿಂದೆ ದೊಡ್ಡ ಚರಿತ್ರೆಯಿದೆ. ಬಿಟ್ಟಿ ಚಾಕರಿಯಾಗಿ, ಜಾತಿಯ ಕಾರಣಕ್ಕೆ ಮಾಡಲೇಬೇಕಾಗಿದ್ದ ಕೆಲಸವೆಂದು ತಮಟೆಯನ್ನು ಕೆಳಗಿಟ್ಟ ದಲಿತರು ಕರ್ನಾಟಕದ ಎಷ್ಟೋ ಊರುಗಳಲ್ಲಿದ್ದಾರೆ, ಅದಕ್ಕಾಗಿ ಊರಿನವರ ಸಿಟ್ಟನ್ನೂ ತಡೆದುಕೊಂಡಿದ್ದಾರೆ. ಅದೇ ತಮಟೆಯನ್ನು ಹೋರಾಟದ ಮೆರವಣಿಗೆಗೆ, ವೇದಿಕೆಗೆ ತಂದು ತಮ್ಮ ಕಲೆಯೆಂದು ಎದೆಯೆತ್ತಿ ಬಾರಿಸಿದವರೂ ದಲಿತರೇ. ಇಡುವುದೂ ಎತ್ತಿಕೊಳ್ಳುವುದೂ ಅವರವರು ಮಾಡಿದ ಆಯ್ಕೆ. ತಮಟೆಯನ್ನು ಹೊಗಳಿ ಹಲಗೆಯ ಮೇಲೆ ಬರೆದೊಡನೆ ನಾವು ನ್ಯಾಯ ಮಾಡಿದಂತಾಯಿತು ಎಂದು ತಿಳಿದಿದ್ದ ನನಗೂ ಆ ಹುಡುಗಿ ಕೇಳುವವರೆಗೆ ಇದು ಹೊಳೆದಿರಲಿಲ್ಲ.

ಪ್ರಶಿಕ್ಷಣಾರ್ಥಿ ಉತ್ತರ ಹೇಳಲಿಲ್ಲ. “ಅಪ್ಪ ಬಿಟ್ಟದ್ದು ಯಾವ ಅಂಕಣಕ್ಕೆ ಬರುತ್ತೆ?” ಎಂದು ಅವಳನ್ನೇ ಕೇಳಿದರು. ಅವಳು ತಡಮಾಡದೆ “ಮಾಡಿದ್ದು” ಎಂದಳು. ಹಾಗೆಯೇ ಬರೆದರು, ಅಷ್ಟರಲ್ಲಿ ಗಂಟೆಯಾಯಿತು. ಈ ಸಲ ಅವಲೋಕನ ಪುಸ್ತಕದಲ್ಲಿ ನಾನು ಹೆಚ್ಚೇನೂ ಬರೆಯಲಿಲ್ಲ; ಶಿರಾದ ಪುಟವನ್ನು ತೆರೆದು, ಹಿಂದೆ ಬರೆದಿದ್ದ ಎರಡು ವಾಕ್ಯಗಳನ್ನು ಹೊಡೆದು ಸಹಿ ಮಾಡಿದೆ. ಆ ಶಾಲೆಯಲ್ಲಿ ನಮ್ಮ ಬೋಧನಾಭ್ಯಾಸದ ಅವಧಿ ಆಗಲೇ ಮುಗಿದಿತ್ತು. ಮುಂದಿನ ತಂಡದ ಪಾಠಯೋಜನೆ ಪಾವಗಡದ ಹುಡುಗಿಯ ಪ್ರಶ್ನೆಯಿಂದಲೇ ಆರಂಭವಾಗುತ್ತದೆ, ಮತ್ತು ಅದರ ಮೊದಲ ಪಾಠ ಶಿರಾದ ಅದೇ ಶಾಲೆಯಲ್ಲಿ.