ಇಟಲಿಯಲ್ಲಿ ಮಿತವ್ಯಯದ ರೈಲು ಪ್ರಯಾಣ

ಇಟಲಿಯಲ್ಲಿ ಮಿತವ್ಯಯದ ರೈಲು ಪ್ರಯಾಣವು ಮುಖ್ಯವಾಗಿ ರೆಜಿಯೊನಾಲೆ ಎಂದು ಕರೆಯಲಾಗುವ ಪ್ರಾದೇಶಿಕ ರೈಲುಗಳನ್ನು ಅವಲಂಬಿಸಿದೆ. ಮಿಲಾನ್, ವೆನಿಸ್, ಫ್ಲಾರೆನ್ಸ್, ರೋಮ್, ನೇಪಲ್ಸ್ ನಗರಗಳನ್ನು ಅತಿವೇಗದ ರೈಲುಗಳು ಜೋಡಿಸಿವೆಯಾದರೂ, ಹಳೆಯ ಮಾರ್ಗಗಳಲ್ಲಿ ಸಾಗುವ ಪ್ರಾದೇಶಿಕ ರೈಲುಗಳು ದಾರಿಯ ಐತಿಹಾಸಿಕ ಪಟ್ಟಣಗಳಲ್ಲಿ ಇಳಿದು, ನೋಡಿ, ಮುಂದುವರಿಯುವ ಅವಕಾಶ ನೀಡುತ್ತವೆ.

ರೈಲುಗಳು ಮತ್ತು ದರ

ಇಟಲಿಯ ಮೊದಲ ರೈಲುಮಾರ್ಗವು 1839ರಲ್ಲಿ ನೇಪಲ್ಸ್ ಮತ್ತು ಪೋರ್ಟಿಚಿ ನಡುವೆ ಆರಂಭವಾಯಿತು. ಇಂದು ಸರ್ಕಾರಿ ಒಡೆತನದ ಟ್ರೆನಿಟಾಲಿಯಾ ಸಂಸ್ಥೆಯು ಹೆಚ್ಚಿನ ರೈಲುಗಳನ್ನು ನಡೆಸುತ್ತದೆ. ಅತಿವೇಗದ ಮಾರ್ಗಗಳಲ್ಲಿ 2012ರಿಂದ ಇತಾಲೊ ಎಂಬ ಖಾಸಗಿ ಸೇವೆಯೂ ಇದೆ. ಗಂಟೆಗೆ 300 ಕಿ.ಮೀ. ವೇಗದಲ್ಲಿ ಸಾಗುವ ಫ್ರೆಚ್ಚಾರೊಸ್ಸಾ ಮತ್ತು ಇತಾಲೊ ರೈಲುಗಳ ದರವು ಸ್ಥಿರವಲ್ಲ. ಮೊದಲೇ ಕೊಂಡರೆ ಅಗ್ಗ. ಕೊನೆಯ ಗಳಿಗೆಯಲ್ಲಿ ಹಲವು ಪಟ್ಟು ಹೆಚ್ಚು. ಅತ್ಯಂತ ಅಗ್ಗದ ಟಿಕೆಟುಗಳ ಸಂಖ್ಯೆ ಸೀಮಿತವಾಗಿದ್ದು, ಅವುಗಳಿಗೆ ಹಣ ವಾಪಸಾತಿ ಇರುವುದಿಲ್ಲ.

ಪ್ರಾದೇಶಿಕ ರೈಲಿನ ದರವಾದರೋ ದೂರವನ್ನು ಮಾತ್ರ ಅನುಸರಿಸುತ್ತದೆ. ಹೊರಡುವ ದಿನ ಕೊಂಡರೂ ಅದೇ ಬೆಲೆ. ಆಸನ ಕಾಯ್ದಿರಿಸುವ ವ್ಯವಸ್ಥೆಯಿಲ್ಲ. ಜನಸಂದಣಿಯಲ್ಲಿ ನಿಂತೇ ಹೋಗಬೇಕಾದೀತು. ದಿನಾಂಕ ನಿಶ್ಚಯವಾಗಿದ್ದು ನೇರ ಪ್ರಯಾಣವಷ್ಟೇ ಬೇಕಿದ್ದರೆ, ವಾರಗಳ ಮೊದಲೇ ಕೊಂಡ ರಿಯಾಯಿತಿ ಟಿಕೆಟು ಸಾಮಾನ್ಯವಾಗಿ ಲೇಸು. ನಡುವೆ ಇಳಿಯುವ ಉದ್ದೇಶವಿದ್ದಲ್ಲಿ ಪ್ರಾದೇಶಿಕ ರೈಲಿಗೆ ಸಾಟಿಯಿಲ್ಲ. ಇಂಟರ್‌ಸಿಟಿ ರೈಲುಗಳು ವೇಗ ಮತ್ತು ದರ ಎರಡರಲ್ಲೂ ಇವೆರಡರ ನಡುವಿನವು.

ಟಿಕೆಟಿಗೆ ಮುದ್ರೆ

ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಹತ್ತುವ ಮೊದಲು ನಿಲ್ದಾಣದ ಯಂತ್ರದಲ್ಲಿ ತೂರಿಸಿ ದಿನಾಂಕ ಮತ್ತು ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮೊಬೈಲ್ ಟಿಕೆಟಿಗೆ ಇದರ ಬದಲು ಚೆಕ್-ಇನ್ ಮಾಡಬೇಕಾಗುತ್ತದೆ. ಹಣ ಕೊಟ್ಟು ಟಿಕೆಟು ಪಡೆದಿದ್ದರೂ ಮುದ್ರೆಯಿಲ್ಲದಿದ್ದರೆ ದಂಡ ತೆರಬೇಕಾಗುತ್ತದೆ. ಹೀಗೆ ಉಳಿಸಿದ ಹಣವೆಲ್ಲ ಒಮ್ಮೆಲೇ ಕೈಬಿಡಬಹುದು. ಮುದ್ರೆ ಬಿದ್ದ ಟಿಕೆಟು ಸೀಮಿತ ಅವಧಿಗೆ ಮಾತ್ರ ಊರ್ಜಿತವಾದ್ದರಿಂದ, ಒಂದು ಊರಿನಲ್ಲಿ ಅರ್ಧ ದಿನ ಕಳೆಯುವವರು ಪ್ರತಿ ಹಂತಕ್ಕೂ ಪ್ರತ್ಯೇಕ ಟಿಕೆಟು ಕೊಳ್ಳುವುದು ಕ್ಷೇಮ. ಇದರಿಂದ ಒಟ್ಟು ವೆಚ್ಚ ಹೆಚ್ಚೇನೂ ಏರುವುದಿಲ್ಲ.

ರೋಮ್–ಫ್ಲಾರೆನ್ಸ್

ಈ ಎರಡು ನಗರಗಳ ನಡುವಿನ ಅತಿವೇಗದ ಮಾರ್ಗದ ಮೊದಲ ಭಾಗವು 1977ರಲ್ಲಿ ತೆರೆಯಿತು. ಇಡೀ ಮಾರ್ಗವು 1992ರಲ್ಲಿ ಪೂರ್ಣಗೊಂಡಿತು. ಅತಿವೇಗದ ರೈಲಿಗೆ ಸುಮಾರು ಒಂದೂವರೆ ಗಂಟೆ ಸಾಕು. ಪ್ರಾದೇಶಿಕ ರೈಲಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಸಮಯ ಬೇಕು. ಆದರೆ ಓರ್ವಿಯೇಟೊ, ಕ್ಯೂಸಿ, ಕೊರ್ಟೋನಾ, ಅರೆಟ್ಸೊ ಪಟ್ಟಣಗಳೆಲ್ಲ ಇರುವುದು ಹಳೆಯ ಮಾರ್ಗದಲ್ಲಿಯೇ.

ಇವುಗಳಲ್ಲಿ ಓರ್ವಿಯೇಟೊ ಮೊದಲ ಆಯ್ಕೆಗೆ ಅರ್ಹವಾದದ್ದು. ನಿಲ್ದಾಣ ಕೆಳಗೆ, ಊರು ಕಡಿದಾದ ಬಂಡೆಯ ನೆತ್ತಿಯಲ್ಲಿ. ನಿಲ್ದಾಣದ ಎದುರಿನಿಂದಲೇ ಫ್ಯುನಿಕೊಲಾರೆ ಎಂಬ, ಕೇಬಲ್ ಎಳೆಯುವ ಪುಟ್ಟ ರೈಲು ಮೇಲಕ್ಕೆ ಒಯ್ಯುತ್ತದೆ. ಇಲ್ಲಿನ ಪ್ರಧಾನ ಚರ್ಚಿನ ನಿರ್ಮಾಣವು 1290ರಲ್ಲಿ ಆರಂಭವಾಯಿತು. ಅದರೊಳಗೆ ಲೂಕಾ ಸಿನ್ಯೊರೆಲ್ಲಿಯ ಭಿತ್ತಿಚಿತ್ರಗಳಿವೆ. 1527ರಲ್ಲಿ ರೋಮ್ ನಗರವು ಲೂಟಿಯಾದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿ ಆಶ್ರಯ ಪಡೆದು, ಮುತ್ತಿಗೆಯ ಕಾಲಕ್ಕೆ ನೀರಿರಲೆಂದು ಸುಮಾರು 53 ಮೀಟರ್ ಆಳದ ಬಾವಿಯೊಂದನ್ನು ತೋಡಿಸಿದನು. ನೀರು ಹೊರುವ ಹೇಸರಗತ್ತೆಗಳು ಪರಸ್ಪರ ಎದುರಾಗದಂತೆ, ಇಳಿಯಲು ಒಂದು, ಹತ್ತಲು ಇನ್ನೊಂದು ಸುರುಳಿ ಹಾದಿಯನ್ನು ಅದರಲ್ಲಿ ರಚಿಸಲಾಗಿದೆ.

ಅರೆಟ್ಸೊದ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾನ ಪ್ರಸಿದ್ಧ ಭಿತ್ತಿಚಿತ್ರ ಸರಣಿಯಿದ್ದು, ನಿಲ್ದಾಣದಿಂದ ನಡೆದೇ ತಲುಪಬಹುದು. ಕೊರ್ಟೋನಾ ಬೆಟ್ಟದ ಮೇಲಿದೆ. ನಿಲ್ದಾಣದಿಂದ ಬಸ್ಸು ಹಿಡಿಯಬೇಕು.

ಮಿಲಾನ್–ವೆನಿಸ್

ವೆರೋನಾದಲ್ಲಿ ರೈಲು ಬದಲಿಸಿ ಪ್ರಾದೇಶಿಕ ರೈಲುಗಳಲ್ಲೇ ಈ ದೂರವನ್ನು ಕ್ರಮಿಸಬಹುದು. ವೆರೋನಾದಲ್ಲಿ ರೋಮನ್ನರ ಕಾಲದ ಬಯಲು ರಂಗಮಂದಿರವಿದೆ. ವಿಚೆನ್ಜಾದಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊನ ಕಟ್ಟಡಗಳಿವೆ. ಪಾದುವಾದಲ್ಲಿ 1222ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವೂ, ಜಿಯೊಟ್ಟೊ ಚಿತ್ರಿಸಿದ ಸ್ಕ್ರೊವೆನ್ಯಿ ಪ್ರಾರ್ಥನಾ ಮಂದಿರವೂ ಇವೆ. ಈ ಮಂದಿರದ ಪ್ರವೇಶವನ್ನು ಮೊದಲೇ ಕಾಯ್ದಿರಿಸಬೇಕು. ಪಾದುವಾದಿಂದ ವೆನಿಸ್‌ಗೆ ಪ್ರಾದೇಶಿಕ ರೈಲಿನಲ್ಲಿ ಸುಮಾರು ಅರ್ಧ ಗಂಟೆಯ ದಾರಿ. ಇಷ್ಟು ಕಡಿಮೆ ದೂರಕ್ಕೆ ಅತಿವೇಗದ ರೈಲಿನಿಂದ ಉಳಿಯುವುದು ಕೆಲವೇ ನಿಮಿಷಗಳು. ವೆನಿಸ್‌ನ ವಸತಿ ದುಬಾರಿಯೆನಿಸಿದವರು ಪಾದುವಾದಲ್ಲಿ ತಂಗಿ ಹೋಗಿಬರುವುದುಂಟು.

ಇತರ ಮಾರ್ಗಗಳು

ಮಿಲಾನ್–ಬೊಲೊನ್ಯಾ ಹಳೆಯ ಮಾರ್ಗದಲ್ಲಿ ಪಿಯಾಚೆನ್ಜಾ, ಪಾರ್ಮಾ, ಮೊಡೆನಾ ಸಿಗುತ್ತವೆ, ಇವೆಲ್ಲ ಕ್ರಿ.ಪೂ. 187ರಲ್ಲಿ ರೋಮನ್ನರು ನಿರ್ಮಿಸಿದ ಎಮಿಲಿಯಾ ಹೆದ್ದಾರಿಯ ಮೇಲಿನ ಊರುಗಳು. ಫ್ಲಾರೆನ್ಸ್‌ನಿಂದ ಪೀಸಾಗೆ ಲುಕ್ಕಾ ಮೂಲಕವೂ ಹೋಗಬಹುದು. ಸುಮಾರು 4 ಕಿ.ಮೀ. ಸುತ್ತಳತೆಯ ಲುಕ್ಕಾ ಕೋಟೆಗೋಡೆಯ ಮೇಲೆ ನಡೆದಾಡಬಹುದಾಗಿದ್ದು, ನಿಲ್ದಾಣವು ಗೋಡೆಯ ಹೊರಗೇ ಇದೆ.

ಗಮನಿಸಬೇಕಾದ ಅಂಶಗಳು

ನಿಲ್ದಾಣದ ಫಲಕಗಳಲ್ಲಿ ಊರುಗಳಿಗೆ ಇಟಾಲಿಯನ್ ಹೆಸರುಗಳೇ ಇರುತ್ತವೆ: ಫ್ಲಾರೆನ್ಸ್ ಫಿರೆಂಜೆ ಆಗಿಯೂ, ವೆನಿಸ್ ವೆನೇಟ್ಸಿಯಾ ಆಗಿಯೂ ಕಾಣುತ್ತದೆ. ದ್ವೀಪನಗರಿಗೆ ಹೋಗುವವರು ಭೂಭಾಗದ ಮೆಸ್ತ್ರೆಯಲ್ಲಿ ಇಳಿಯದೆ ಸಾಂತಾ ಲೂಚಿಯಾವರೆಗೆ ಸಾಗಬೇಕು. ಸಾಮಾನು ಇರಿಸುವ ಕೊಠಡಿಗಳು ದೊಡ್ಡ ನಿಲ್ದಾಣಗಳಲ್ಲಿವೆ, ಸಣ್ಣ ಊರುಗಳಲ್ಲಿ ದೊರೆಯದಿರಬಹುದು. ಹಗುರವಾದ ಚೀಲವೇ ಅನುಕೂಲ. ರೈಲ್ವೆ ಮುಷ್ಕರಗಳು ಅಪರೂಪವಲ್ಲ. ಅವುಗಳನ್ನು ಮೊದಲೇ ಪ್ರಕಟಿಸಲಾಗುತ್ತದೆ. ಕೆಲಸದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9 ಗಂಟೆಯ ನಡುವೆ ಅಗತ್ಯ ಪ್ರಾದೇಶಿಕ ರೈಲುಗಳನ್ನು ಓಡಿಸಲಾಗುತ್ತದೆ.