ಡಾ. ಜಯಮಾಲಾ: ತುಳು ಚಿತ್ರದಿಂದ ಅಂಗನವಾಡಿ ಖಾತೆಯವರೆಗೆ

ಹದಿಹರೆಯದಲ್ಲಿ ಸಿನಿಮಾಕ್ಕೆ ಹೋದ ಹುಡುಗಿಯರ ಹೆಸರು ಅವರಿಗೆ ಮೂವತ್ತು ದಾಟುವಷ್ಟರಲ್ಲಿ ಮರೆತುಹೋಗುವುದೇ ಹೆಚ್ಚು. ನಮ್ಮ ಕರಾವಳಿ ಮೂಲದ ನಟಿ ಜಯಮಾಲಾ ಅವರ ವಿಷಯದಲ್ಲಿ ಹಾಗಾಗಲಿಲ್ಲ.

ಅವರದು ಪಣಂಬೂರಿನ ಕೃಷಿಕ ಕುಟುಂಬ. ನವಮಂಗಳೂರು ಬಂದರಿಗಾಗಿ ಅಲ್ಲಿನ ಅನೇಕ ಮನೆಗಳು ಎದ್ದುಹೋದ 1960ರ ದಶಕದಲ್ಲಿ ಇವರ ಮನೆಯವರೂ ಚಿಕ್ಕಮಗಳೂರು ಸೇರಿದರು. 1973ರಲ್ಲಿ 'ಕಾಸ್ದಾಯೆ ಕಂಡನಿ' ಎಂಬ ತುಳು ಚಿತ್ರದಿಂದ ಅಭಿನಯ ಆರಂಭವಾಯಿತು. ಮುಂದೆ 'ಪ್ರೇಮದ ಕಾಣಿಕೆ', 'ಬಡವರ ಬಂಧು', 'ಗಿರಿಕನ್ಯೆ', 'ಶಂಕರ್ ಗುರು' ಹೀಗೆ ಡಾ. ರಾಜ್‌ಕುಮಾರ್ ಅವರ ಜೊತೆ ಸಾಲು ಸಾಲು ಚಿತ್ರಗಳು.

ನಾಯಕಿಯ ಪಾತ್ರಗಳು ಕಡಿಮೆಯಾಗುವ ವಯಸ್ಸಿನಲ್ಲಿ ಅವರು ನಿರ್ಮಾಪಕಿಯಾದರು. ಗಿರೀಶ್ ಕಾಸರವಳ್ಳಿ ನಿರ್ದೇಶನದ 'ತಾಯಿಸಾಹೇಬ' (1997) ವರ್ಷದ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಮುಖ್ಯ ಪಾತ್ರವೂ ಅವರದೇ. ಅವರ ಎಲ್ಲಾ ಚಿತ್ರಗಳಲ್ಲಿ ಇದೊಂದನ್ನು ತಪ್ಪದೆ ನೋಡಬೇಕು ಎಂಬುದು ನಮ್ಮ ಅನಿಸಿಕೆ. 2008ರಲ್ಲಿ ಗ್ರಾಮೀಣ ಮಹಿಳೆಯರ ಪುನರ್ವಸತಿಯ ಕುರಿತಾದ ಪ್ರಬಂಧಕ್ಕೆ ಬೆಂಗಳೂರು ವಿಶ್ವವಿದ್ಯಾನಿಲಯದ ಡಾಕ್ಟರೇಟ್ ದೊರೆಯಿತು. ಅದೇ ವರ್ಷ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯ ಮೊದಲ ಮಹಿಳಾ ಅಧ್ಯಕ್ಷೆಯಾದರು. (ಶಬರಿಮಲೆ ವಿವಾದ ಇದಕ್ಕೂ ಮೊದಲು, 2006ರದ್ದು, ಆ ಮೊಕದ್ದಮೆಯನ್ನು ಕೇರಳ ಹೈಕೋರ್ಟು 2012ರಲ್ಲಿ ರದ್ದುಪಡಿಸಿತು.)

2014ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣ, 2018ರ ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಖಾತೆ. ಸಂಪುಟದಲ್ಲಿದ್ದ ಒಬ್ಬರೇ ಮಹಿಳೆ ಅವರು. ಅವರಿಗಿಂತ ಮೊದಲು ಈ ಖಾತೆ ಇದ್ದದ್ದು ಇನ್ನೊಬ್ಬ ನಟಿ ಉಮಾಶ್ರೀ ಅವರ ಕೈಯಲ್ಲಿ.

ಗ್ರಾಮೀಣ ಮಹಿಳೆಯರ ಬಗ್ಗೆ ಬರೆದವರಿಗೆ ಈ ಖಾತೆ ಪರೀಕ್ಷೆಯೇ ಸರಿ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆ ಸೇವೆಗೆ ಹೋದ ನಮ್ಮವರಿಗೆ ಇದು ಬೇಗ ಅರ್ಥವಾದೀತು. ಅಲ್ಲಿ ಹೆಂಗಸರ ದುಡಿಮೆ ತೊಗರಿ ಹೊಲದಲ್ಲಿ, ಕಲ್ಲಿನ ಗಣಿಗಳಲ್ಲಿ. 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಆರಂಭವಾದ 'ಮಾತೃಪೂರ್ಣ' ಯೋಜನೆಯಲ್ಲಿ ಗರ್ಭಿಣಿಯರಿಗೂ ಬಾಣಂತಿಯರಿಗೂ ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ ಉಂಟು. ಆದರೆ ಅದನ್ನು ಆಗ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ದಿನಗೂಲಿಯವಳು ಹೊಲ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಬಾಣಂತಿಯನ್ನು ಬಿಸಿಲಿಗೆ ಕಳುಹಿಸಲು ಮನೆಯ ಹಿರಿಯರು ಒಪ್ಪುವುದಿಲ್ಲ. ಊಟ ಒಳ್ಳೆಯದೇ, ತೊಡಕು ಇದ್ದದ್ದು ನಡಿಗೆಯಲ್ಲಿ.

ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ ಅದೇ ಸಂಪುಟದಲ್ಲಿ ಸಮಾಜ ಕಲ್ಯಾಣ ಸಚಿವರಾಗಿದ್ದರು. ಹಾಗಾಗಿ ಈ ಭಾಗದ ದನಿ ಅಲ್ಲಿ ಇಲ್ಲದೆ ಇರಲಿಲ್ಲ. ಸಮಯವೇ ಸಾಲಲಿಲ್ಲ: 2019ರ ಜುಲೈಯಲ್ಲಿ ಸರಕಾರ ಬಿತ್ತು. ಅಂಗನವಾಡಿಯ ಪಡಿ ಎಲ್ಲೆಡೆ ಮನೆಬಾಗಿಲಿಗೆ ಹೋದದ್ದು 2020ರಲ್ಲಿ, ಕೊರೊನಾದಿಂದ ಕೇಂದ್ರಗಳು ಮುಚ್ಚಿದ ಮೇಲೆ. ಆಗ ಜಯಮಾಲಾ ಸಚಿವೆಯಾಗಿರಲಿಲ್ಲ.