ಮನೆ ಕಟ್ಟುವಾಗ ಹಂತದ ಹಣ: ಕೊಡುವುದು ಯಾವಾಗ, ತಡೆಯುವುದು ಯಾವಾಗ?



ಜುಮಾ ನಮಾಝ್ ಮುಗಿದು ಜನ ಚದುರುವಾಗ ಒಬ್ಬರಲ್ಲ ಒಬ್ಬರು ನನ್ನನ್ನು ಬದಿಗೆ ಕರೆದು ಮಸ್‌ಅಲ ಕೇಳುತ್ತಾರೆ. ಆಸ್ತಿ ಪಾಲಿನ ಪ್ರಶ್ನೆ ಬಿಟ್ಟರೆ ಈಗ ಹೆಚ್ಚು ಬರುವುದು ಮನೆ ಕಟ್ಟುವ ಜಗಳ. ಅಂಥ ಒಂದು ಜಗಳದಿಂದಲೇ ಈ ತಿಂಗಳ ಖುತ್ಬಾದ ವಿಷಯ ಹುಟ್ಟಿತು.

ಮಗ ದಮ್ಮಾಮಿನಲ್ಲಿ. ಊರಲ್ಲಿ ತಂದೆ ನಿಂತು ಮನೆ ಕಟ್ಟಿಸುತ್ತಿದ್ದಾರೆ. ಒಟ್ಟು 30 ಲಕ್ಷದ ಗುತ್ತಿಗೆ. ಕರಾರಿನ ಹಾಳೆಯಲ್ಲಿ ‘ಸ್ಲ್ಯಾಬ್ ಹಂತ, ಶೇ. 20’ ಎಂದಷ್ಟೇ ಬರೆದಿತ್ತು. ಮಂಗಳವಾರ ಕಾಂಕ್ರೀಟ್ ಹಾಕಿದರು, ಬುಧವಾರ ಫೋಟೋ ವಾಟ್ಸ್ಆ್ಯಪಿನಲ್ಲಿ ದಮ್ಮಾಮಿಗೆ ಹೋಯಿತು, ಗುರುವಾರ 6 ಲಕ್ಷ ಕೇಳಿದರು. ‘ಸೆಂಟ್ರಿಂಗ್ ಬಿಚ್ಚಿಲ್ಲ, ಮೆಟ್ಟಿಲು ಹಾಕಿಲ್ಲ, ಸನ್‌ಶೇಡ್ ಅರ್ಧ ಇದೆ. ಏನು ಮುಗಿದಿದೆ ಅಂತ ಕೊಡಲಿ ಉಸ್ತಾದರೇ?’ ಎಂದು ತಂದೆ. ‘ಕಾಂಕ್ರೀಟ್ ಬಿದ್ದ ಮೇಲೆ ಸ್ಲ್ಯಾಬ್ ಆಯಿತಲ್ಲ ಉಸ್ತಾದರೇ, ಶನಿವಾರ ಕೆಲಸದವರಿಗೆ ಬಟವಾಡೆ ಮಾಡಬೇಕು’ ಎಂದು ಕಂಟ್ರಾಕ್ಟರ್. ಇಬ್ಬರೂ ನಮ್ಮ ಜಮಾಅತಿನವರೇ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳಿಲ್ಲದೆಯೂ ಜಗಳವಾಗುತ್ತದೆ, ಏಕೆಂದರೆ ‘ಮುಗಿಯಿತು’ ಎಂಬ ಮಾತಿಗೆ ಅವರು ಮೊದಲೇ ಅರ್ಥ ಬರೆದುಕೊಂಡಿರಲಿಲ್ಲ.

ಹೀಗೆ ಕಂತಿನಲ್ಲಿ ಹಣ ಕೊಟ್ಟು ಕಟ್ಟಿಸುವುದು ಶರೀಅತಿನಲ್ಲಿ ಸರಿಯೇ ಎಂದು ಕೆಲವರು ಕೇಳುತ್ತಾರೆ. ಮುಂದೆ ತಯಾರಾಗಲಿರುವ ವಸ್ತುವಿಗೆ ಮಾಡುವ ಕರಾರನ್ನು ಹನಫಿ ವಿದ್ವಾಂಸರು ‘ಇಸ್ತಿಸ್ನಾಅ್’ ಎಂದು ಕರೆದು ಒಪ್ಪಿದ್ದಾರೆ. ಶಾಫಿಈ ಗ್ರಂಥಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿಲ್ಲ, ಚರ್ಚೆ ಉದ್ದವಾಗಿದೆ, ಇಲ್ಲಿ ಅದು ಬೇಡ. 1992ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಈ ಕರಾರು ಎರಡೂ ಕಡೆಯವರನ್ನು ಬದ್ಧಗೊಳಿಸುತ್ತದೆ, ಬೆಲೆಯನ್ನು ಗೊತ್ತಾದ ಕಂತುಗಳಾಗಿ ಹಂಚಬಹುದು ಎಂದು ತೀರ್ಮಾನಿಸಿತು. ಆದರೆ ವಸ್ತುವಿನ ಬಗೆ, ಅಳತೆ, ಗುಣ, ಅವಧಿ ಸ್ಪಷ್ಟವಾಗಿರಬೇಕೆಂಬ ಷರತ್ತನ್ನೂ ಹಾಕಿತು. ನಮ್ಮ ಹಾಳೆಗಳಲ್ಲಿ ಇಲ್ಲದಿರುವುದು ಆ ಸ್ಪಷ್ಟತೆಯೇ.

ಸೂರಃ ಅಲ್‌ಮುತಫ್ಫಿಫೀನ್ ಅಳತೆಯಲ್ಲಿ ವಂಚಿಸುವವರ ಕುರಿತಾದ ಎಚ್ಚರಿಕೆಯಿಂದ ಆರಂಭವಾಗುತ್ತದೆ: ತಾವು ಪಡೆಯುವಾಗ ಪೂರ್ತಿ ಅಳೆದುಕೊಳ್ಳುವವರು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರು. ಇದು ಅಕ್ಕಿ ಅಂಗಡಿಯವನಿಗೆ ಹೇಳಿದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಮುಕ್ಕಾಲು ಕೆಲಸಕ್ಕೆ ಪೂರ್ತಿ ಬಿಲ್ ಕೇಳುವವನೂ ಅದರಲ್ಲಿ ಬರುತ್ತಾನೆ. ಪೂರ್ತಿ ಕೆಲಸ ಮಾಡಿಸಿಕೊಂಡು ‘ಟೈಲ್ಸ್ ಬಣ್ಣ ಸರಿಯಿಲ್ಲ’ ಎಂದು ಎರಡು ಲಕ್ಷ ಹಿಡಿದಿಟ್ಟು ಆ ಹಣದಲ್ಲಿ ಮಗಳ ಮದುವೆ ಮಾಡುವ ಮನೆ ಯಜಮಾನನೂ ಬರುತ್ತಾನೆ. ಹಣವಿದ್ದೂ ಸಾಲ ತೀರಿಸಲು ಸತಾಯಿಸುವುದು ಅಕ್ರಮ ಎಂದು ಪ್ರವಾದಿ(ಸ)ರು ಹೇಳಿದ್ದನ್ನು ಬುಖಾರಿ, ಮುಸ್ಲಿಮ್ ಎರಡೂ ದಾಖಲಿಸಿವೆ. ಈ ಎರಡನೆಯ ಬಗೆಯ ಜನ ನಮ್ಮಲ್ಲಿ ಕಡಿಮೆಯಿಲ್ಲ, ಮಿಂಬರಿನಲ್ಲಿ ಇದನ್ನು ಹೇಳುವಾಗ ಒಂದೆರಡು ತಲೆಗಳು ತಗ್ಗಿದ್ದನ್ನು ಕಂಡೆ.

ಇನ್ನು ವಿಷಯಕ್ಕೆ. ಹಂತ ಮುಗಿಯುವ ಮೊದಲೇ ಹಣ ಕೇಳಿದರೆ ಏನು ಮಾಡಬೇಕು? ಮೊದಲು ಕರಾರು ತೆರೆದು ಓದಿ. ಮುಸ್ಲಿಮರು ತಮ್ಮ ಷರತ್ತುಗಳಿಗೆ ಬದ್ಧರು ಎಂಬ ಹದೀಸನ್ನು ತಿರ್ಮಿದಿ ಉಲ್ಲೇಖಿಸಿದ್ದಾರೆ, ಹಾಗಾಗಿ ಹಾಳೆಯಲ್ಲಿ ‘ಕಾಂಕ್ರೀಟ್ ಹಾಕಿದ ದಿನ’ ಎಂದಿದ್ದರೆ ಅಂದೇ ಕೊಡಬೇಕು, ನಮಗೆ ಇಷ್ಟವಿಲ್ಲದಿದ್ದರೂ. ಸ್ಪಷ್ಟವಿಲ್ಲದಿದ್ದರೆ ಇಬ್ಬರೂ ಒಪ್ಪುವ ಒಬ್ಬ ಇಂಜಿನಿಯರನ್ನು ಸ್ಥಳಕ್ಕೆ ಕರೆಯಿರಿ. ನಮ್ಮ ಪ್ರಕರಣದಲ್ಲಿ ಬಂದ ಇಂಜಿನಿಯರ್ ಐಎಸ್ 456 ಮಾನಕವನ್ನು ವಿವರಿಸಿದರು: ಸಾಮಾನ್ಯವಾಗಿ ಗೋಡೆಯಿಂದ ಗೋಡೆಗೆ ನಾಲ್ಕೂವರೆ ಮೀಟರ್‌ವರೆಗಿನ ಸ್ಲ್ಯಾಬಿನ ಆಸರೆ ಕನಿಷ್ಠ 7 ದಿನ, ಅದಕ್ಕಿಂತ ಅಗಲವಿದ್ದರೆ 14 ದಿನ ತೆಗೆಯಬಾರದು. ಅಲ್ಲಿಯವರೆಗೆ ನೀರು ಹಾಕುವ ಕೆಲಸ ಇದೆ. ಸೆಂಟ್ರಿಂಗ್ ಬಿಚ್ಚಿದ ಮೇಲೆಯೇ ಅಡಿಯಲ್ಲಿ ಜಲ್ಲಿ ಎದ್ದು ಕಾಣುವ ಪೊಳ್ಳು ಇದೆಯೇ, ಕಂಬಿ ಹೊರಗೆ ಕಾಣುತ್ತದೆಯೇ ಎಂದು ಗೊತ್ತಾಗುವುದು. ಮೇಲಿನಿಂದ ತೆಗೆದ ಫೋಟೋ ಇದನ್ನು ತೋರಿಸುವುದಿಲ್ಲ. ಗಲ್ಫಿನಲ್ಲಿರುವ ಸಹೋದರರು ಇದನ್ನು ನೆನಪಿಡಬೇಕು, ಫೋಟೋ ನೋಡಿ ಹಣ ಹಾಕಬೇಡಿ.

ಹಾಗೆಂದು ಇಡೀ ಹಣ ತಡೆಯುವುದೂ ಸರಿಯಲ್ಲ. ಕಬ್ಬಿಣ, ಸಿಮೆಂಟ್, ಕೂಲಿ ಎಲ್ಲ ಆ ಸ್ಲ್ಯಾಬಿನಲ್ಲಿ ಹೋಗಿಬಿಟ್ಟಿದೆ. ಆಗಿರುವ ಕೆಲಸಕ್ಕೆ ಕೊಡಿ, ಆಗದ ಕೆಲಸದ ಬೆಲೆಯನ್ನಷ್ಟೇ ತಡೆಯಿರಿ. ಏನು ಬಾಕಿ, ಅದರ ಬೆಲೆ ಎಷ್ಟು, ಯಾವಾಗ ಕೊಡುತ್ತೀರಿ ಎಂದು ದಿನಾಂಕ ಹಾಕಿ ಬರೆದು ಕೊಡಿ. ಫೋನ್ ಎತ್ತದೆ ಸುಮ್ಮನಿರುವುದು ಉತ್ತರವಲ್ಲ. ಇಂಜಿನಿಯರ್ ಲೆಕ್ಕ ಹಾಕಿದಂತೆ ಆ ತಂದೆ ನಾಲ್ಕೂವರೆ ಲಕ್ಷ ಶುಕ್ರವಾರವೇ ಕೊಟ್ಟರು, ಒಂದೂವರೆ ಲಕ್ಷ ಉಳಿಸಿಕೊಂಡರು. ಕೂಲಿಗಾರನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಆದೇಶ ಆ ಶನಿವಾರಕ್ಕೆ ಅನ್ವಯಿಸುತ್ತಿತ್ತು. ಕೂಲಿ ಕೊಡುವ ಹೊಣೆ ಕಂಟ್ರಾಕ್ಟರನದೇ, ಆದರೆ ನಮ್ಮ ಹಠದಿಂದ ಅಸ್ಸಾಮಿನಿಂದ ಬಂದ ಹುಡುಗನೊಬ್ಬ ಬರಿಗೈಯಲ್ಲಿ ಉಳಿಯಬಾರದು.

ಕಂಟ್ರಾಕ್ಟರನ ಕೈಯಲ್ಲಿ ನಿಜಕ್ಕೂ ಹಣವಿಲ್ಲದೆ ಕೇಳುತ್ತಿದ್ದರೆ? ಆಗ ಅದು ಹಂತದ ಹಣವಲ್ಲ, ಮುಂಗಡ ಅಥವಾ ಸಾಲ. ಆ ಹೆಸರಿನಲ್ಲೇ ಕೇಳಲಿ. ಕೊಡುವವರು ಕೊಡಲಿ, ಇಲ್ಲವೇ ಸಿಮೆಂಟ್ ಅಂಗಡಿಗೆ ನೇರವಾಗಿ ಕಟ್ಟಿ ಬಿಲ್ಲಿನಲ್ಲಿ ಕಳೆಯಲಿ. ಆದರೆ ಬರೆಯಲಿ. ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಇರುವುದೇ ಸಾಲದ ಬರವಣಿಗೆ ಮತ್ತು ಸಾಕ್ಷಿಯ ಬಗ್ಗೆ. ‘ನಮ್ಮವರೇ ಅಲ್ಲವೇ, ಬರೆಯುವುದೇಕೆ?’ ಎನ್ನುವವರು ಆ ಸೂಕ್ತವನ್ನೊಮ್ಮೆ ಅರ್ಥಸಹಿತ ಓದಲಿ.

ಫ್ಲ್ಯಾಟ್ ಖರೀದಿಸುವವರ ವಿಷಯ ಸ್ವಲ್ಪ ಬೇರೆ. ರೇರಾ ಕಾಯ್ದೆ 2016ರ ಪ್ರಕಾರ ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಖರೀದಿದಾರರ ಹಣದಲ್ಲಿ ಶೇ. 70 ಪ್ರತ್ಯೇಕ ಖಾತೆಯಲ್ಲಿರಬೇಕು, ಕೆಲಸ ಎಷ್ಟಾಗಿದೆ ಎಂದು ಇಂಜಿನಿಯರ್, ಆರ್ಕಿಟೆಕ್ಟ್, ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ಪ್ರಮಾಣದಲ್ಲಷ್ಟೇ ಅದನ್ನು ತೆಗೆಯಬಹುದು. ‘ಐದನೇ ಸ್ಲ್ಯಾಬ್ ಆಗಿದೆ’ ಎಂಬ ಪತ್ರ ಬಂದರೆ ಆ ದೃಢೀಕರಣದ ಪ್ರತಿ ಕೇಳಿ. ನೋಂದಾಯಿತ ಯೋಜನೆಯ ಪ್ರಗತಿಯನ್ನು ಮೂರು ತಿಂಗಳಿಗೊಮ್ಮೆ ರೇರಾ ಜಾಲತಾಣದಲ್ಲಿ ಹಾಕಬೇಕು, ಅದನ್ನೂ ನೋಡಿ. ಅದೇ ಕಾಯ್ದೆ ಖರೀದಿದಾರನೂ ಸಮಯಕ್ಕೆ ಕಂತು ಕಟ್ಟಬೇಕು, ತಪ್ಪಿದರೆ ಬಡ್ಡಿ ಎನ್ನುತ್ತದೆ. ಬಡ್ಡಿಯ ಬಾಗಿಲು ತೆರೆಯುವ ಮೊದಲೇ ಆಕ್ಷೇಪ ಬರಹದಲ್ಲಿ ಹೋಗಿರಬೇಕು. ಸ್ವಂತ ಜಾಗದಲ್ಲಿ ಒಬ್ಬರೇ ಕಟ್ಟಿಸುವ ಮನೆಗೆ ರೇರಾ ಬರುವುದಿಲ್ಲ, ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣವೂ ಸೇವೆಯೇ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಅದಕ್ಕೂ ಮೊದಲು ಜಮಾಅತಿನ ಹಿರಿಯರ ಮುಂದೆ ಒಮ್ಮೆ ಕುಳಿತು ನೋಡಿ, ಖರ್ಚಿಲ್ಲ.

ಹದಿನೈದನೇ ದಿನ ಸೆಂಟ್ರಿಂಗ್ ಬಿಚ್ಚಿದರು. ಒಂದು ಮೂಲೆಯಲ್ಲಿ ಅಂಗೈಯಗಲದ ಪೊಳ್ಳಿತ್ತು, ಕಂಟ್ರಾಕ್ಟರ್ ತಮ್ಮ ಖರ್ಚಿನಲ್ಲೇ ಸರಿಪಡಿಸಿದರು. ಮೆಟ್ಟಿಲು ಮುಗಿದ ಮೇಲೆ ಒಂದೂವರೆ ಲಕ್ಷ ಸಂದಾಯವಾಯಿತು. ಪ್ಲಾಸ್ಟರ್ ಕೆಲಸ ಶುರುವಾಗುವ ಮೊದಲು ಇಬ್ಬರೂ ಕುಳಿತು ಹೊಸ ಹಾಳೆ ಬರೆದರು. ಒಳಗೋಡೆ, ಹೊರಗೋಡೆ, ಸೀಲಿಂಗ್ ಎಂದು ಬೇರೆ ಬೇರೆಯಾಗಿ, ಒಂದೊಂದಕ್ಕೂ ಮೊತ್ತ ಹಾಕಿ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ.